ಅಕ್ಕನ ಕುಬಸದ ಹೋಳಿಗೆ ಲೆಕ್ಕ

ನಾನು ಚಿಕ್ಕವಳಿದ್ದಾಗ ಭಾರಿ ಸಿಟ್ಟಿನ ಹುಡುಗಿ. ಈಗೇನು ಕಡಿಮೆಯೇ ಎಂದು ನಿಮ್ಮ ಅಜ್ಜ ಕೇಳುತ್ತಾರೆ, ಕೇಳಲಿ. ಆ ಸಿಟ್ಟು ಎಲ್ಲಿಂದ ಬಂತು ಅನ್ನುವುದನ್ನು ಇವತ್ತು ಹೇಳಿಬಿಡುತ್ತೇನೆ.

ಹುನ್ನೂರಿನ ನಮ್ಮ ಮನೆಯಲ್ಲಿ ಅಕ್ಕನ ಕುಬಸ ನಿಶ್ಚಯವಾಗಿತ್ತು. ಏಳು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ಇಡಿಸಿ, ಅವಳ ಬಯಕೆಯ ಊಟ ಹಾಕುವ ಕಾರ್ಯ ಅದು. ಅಕ್ಕನ ಬಯಕೆ ಒಂದೇ. ತುಪ್ಪ ಸುರಿದ ಹೋಳಿಗೆ ತಿನ್ನಬೇಕು, ಅದೂ ಓಣಿಯ ಗೆಳತಿಯರ ಜೊತೆ ಒಂದೇ ಪಂಕ್ತಿಯಲ್ಲಿ ಕೂತು.

ಹಿಂದಿನ ದಿನ ಅಪ್ಪ ಮತ್ತು ಕಾಕಾ ಪಡಸಾಲೆಯಲ್ಲಿ ಅಡಿಗೆಯ ಲೆಕ್ಕ ಹಾಕುತ್ತಿದ್ದರು. ನಮ್ಮಲ್ಲಿ ಊಟಕ್ಕೆ ಹೇಳುವುದು ಆಳಿಗಲ್ಲ, ಮನೆಗೆ. ನಲವತ್ತು ಮನೆಗೆ ಹೇಳಿಯಾಗಿತ್ತು.

"ಮನಿಗೆ ಇಬ್ಬರು ಗಂಡಸರು. ಎಂಬತ್ತು ಎಲಿ. ಆತು," ಎಂದ ಕಾಕಾ.

ನಾನು ಎಂಟನೆಯ ತರಗತಿ. ಗೊತ್ತಿಲ್ಲದ ಸಂಖ್ಯೆಗೆ ಎಕ್ಸ್ ಎಂದು ಹೆಸರಿಡುವ ಬೀಜಗಣಿತವನ್ನು ಆಗಷ್ಟೇ ಕಲಿತಿದ್ದೆ. ಪಾಟಿ ಹಿಡಿದು ನಡುವೆ ಹೋಗಿ ಕೂತೆ. ಒಂದು ಮನೆಯಿಂದ ಬರುವ ಹೆಂಗಸರು ಎಕ್ಸ್ ಎಂದಿರಲಿ; ಆ ಮನೆಗೆ ಬೇಕಾದ ಎಲೆ ಎರಡು ಕೂಡಿಸು ಎಕ್ಸ್; ನಲವತ್ತು ಮನೆಗೆ ಅದರ ನಲವತ್ತು ಪಟ್ಟು. ಇಬ್ಬಿಬ್ಬರೇ ಹೆಂಗಸರು ಬಂದರೂ ನೂರಾ ಅರವತ್ತು ಎಲೆ! ಕಾಕಾನ ಲೆಕ್ಕದಲ್ಲಿ ಎಕ್ಸ್ ಅಂದರೆ ಸೊನ್ನೆ. ಕುಬಸ ಹೆಂಗಸರದು, ಎಣಿಕೆ ಗಂಡಸರದು! ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

"ಖರ್ಚು ಇಮ್ಮಡಿ ಆಗತೈತೆವ್ವಾ," ಎಂದರು ಅಪ್ಪ.

ಆಗುವುದಿಲ್ಲ ಎಂದೆ. ಅಡಿಗೆಯವರ ಕೂಲಿ, ಪಾತ್ರೆಗಳ ಬಾಡಿಗೆ ಸೇರಿ ಅರವತ್ತು ರೂಪಾಯಿ. ಎಷ್ಟು ಜನ ಉಂಡರೂ ಅದು ಅಷ್ಟೇ. ಹೆಚ್ಚುವುದು ಎಲೆಗೆ ಒಂದು ರೂಪಾಯಿಯ ಬೇಳೆ, ಬೆಲ್ಲ, ಅಕ್ಕಿ ಮಾತ್ರ. ಎಂಬತ್ತು ಎಲೆಗೆ ನೂರಾ ನಲವತ್ತಾದರೆ, ನೂರಾ ಅರವತ್ತು ಎಲೆಗೆ ಇನ್ನೂರಾ ಇಪ್ಪತ್ತು.

"ಲೇ, ಸಾಲಿ ಲೆಕ್ಕ ಸಾಲ್ಯಾಗ ಇಡು. ಹೆಣ್ಣಮಕ್ಕಳದೇನು, ಹೊಂದಿಸ್ಕೋತಾರ," ಎಂದ ಕಾಕಾ. ಅಪ್ಪ ಪಾಟಿಯನ್ನು ನೋಡಿದರು, ಆಮೇಲೆ ಎಂಬತ್ತು ಎಲೆಗೇ ಸಾಮಾನಿನ ಚೀಟಿ ಬರೆದರು.

ಮರುದಿನ ಬೆಳಗಿನಿಂದಲೇ ಮನೆ ತುಂಬ ಏಲಕ್ಕಿ, ಬೆಲ್ಲದ ಘಮ. ಹೂರಣ ರುಬ್ಬಿ ರುಬ್ಬಿ ಅವ್ವನ ರಟ್ಟೆ ಬಿದ್ದುಹೋಗಿತ್ತು. ಮೊದಲು ಗಂಡಸರ ಪಂಕ್ತಿ. "ಇನ್ನೊಂದು ಹಾಕಿಸ್ಕೋರಿ" ಎಂದು ಕಾಕಾ ಒತ್ತಾಯ ಮಾಡಿ ಮಾಡಿ ಬಡಿಸಿದ. ಹೆಂಗಸರು ಕೂತಾಗ ಹೋಳಿಗೆಯ ಬುಟ್ಟಿಯಲ್ಲಿ ಬರೀ ಪುಡಿ ಇತ್ತು.

ಅವ್ವ ಮುಚ್ಚಿಟ್ಟಿದ್ದ ಎರಡು ಹೋಳಿಗೆ ತಂದು ಅಕ್ಕನ ಎಲೆಗೆ ಹಾಕಿದಳು. ಅಕ್ಕ ಪಂಕ್ತಿಯುದ್ದಕ್ಕೂ ಒಮ್ಮೆ ನೋಡಿದಳು.

"ಎವ್ವಾ, ಇವರೆಲ್ಲಾ ಬರೇ ಅನ್ನಾ ಸಾರು ಉಣ್ಣಾಕತ್ತಾರ. ನನ್ನ ಗಂಟಲದಾಗ ಹೋಳಿಗಿ ಹೆಂಗ ಇಳೀತೈತಿ?"

ಅವಳು ಎರಡನ್ನೂ ಚೂರು ಮಾಡಿ ಅಕ್ಕಪಕ್ಕದ ಗೆಳತಿಯರಿಗೆ ಹಂಚಿಬಿಟ್ಟಳು. ತನಗೊಂದು ಚೂರೂ ಇಟ್ಟುಕೊಳ್ಳಲಿಲ್ಲ. ನನಗೆ ತಡೆಯಲಾಗಲಿಲ್ಲ. "ಕಾಕಾ, ಹೊಂದಿಸ್ಕೊಂಡ್ರು, ಬಂದು ನೋಡು!" ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ. ಯಾರೂ ನನ್ನನ್ನು ಬೈಯಲಿಲ್ಲ.

ಮಕ್ಕಳೇ, ನಿಮ್ಮ ಕಾಲ ಬೇರೆ. ಮುಧೋಳದ ಮಂಗಲ ಕಾರ್ಯಾಲಯದಲ್ಲಿ ಹೆಣ್ಣು ಗಂಡು ಎಲ್ಲರೂ ಕೂಡಿಯೇ ಪ್ಲೇಟು ಹಿಡಿಯುತ್ತಾರೆ. ಎಷ್ಟು ಪ್ಲೇಟು ಎಂದು ಒತ್ತಿದರೆ ಖರ್ಚೆಷ್ಟು ಎಂದು ಮೊಬೈಲೇ ಹೇಳುತ್ತದೆ. ಆದರೂ ಮೊನ್ನೆ ಸಣ್ಣವಳ ಹುಟ್ಟುಹಬ್ಬದಲ್ಲಿ, ಹಿಂದುಗಡೆ ಹೊಗೆಯಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದ ಹೆಂಗಸರ ಊಟ ಲೆಕ್ಕದಲ್ಲಿ ಎಷ್ಟು ಹಿಡಿದಿದ್ದೀ ಎಂದು ಕೇಟರಿಂಗಿನವನನ್ನು ಕೇಳಿದೆ. "ಉಳದದ್ದು ಉಣ್ತಾರ್ರಿ ಅಮ್ಮಾ," ಎಂದ, ಮುಖದಲ್ಲಿ ನಗು ಬೇರೆ!

ಕೇಕು ಕತ್ತರಿಸುವುದು ತಡವಾಯಿತೆಂದು ನೀವೆಲ್ಲ ಮುಖ ಊದಿಸಿಕೊಂಡಿರಲ್ಲ, ಇದಕ್ಕೇ. ಅವರನ್ನು ನಿಮ್ಮ ಕುರ್ಚಿಗಳಲ್ಲೇ ಕೂರಿಸಿ ಬಿಸಿ ಊಟ ಬಡಿಸಿದೆ. ಅವರು ಉಂಡು ಕೈತೊಳೆಯುವ ತನಕ ಕೇಕಿನ ಚಾಕು ನನ್ನ ಸೆರಗಿನ ಗಂಟಿನಲ್ಲಿತ್ತು.