ಮೂರು ಸಾಲಿನ ರೇಡಿಯೇಟರ್

ಮಿಸ್ತ್ರಿಯ ಬಲಗೆನ್ನೆಯಿಂದ ಕುತ್ತಿಗೆಯವರೆಗೆ ಚರ್ಮ ಸುಕ್ಕುಗಟ್ಟಿ ಬೆಳ್ಳಗಾಗಿತ್ತು. ಯಾವುದೋ ಲಾರಿಯ ರೇಡಿಯೇಟರಿನಿಂದ ಕುದಿನೀರು ಹಾರಿದ ಗುರುತು ಅದು. ಗಾಡಿ ರಿಪೇರಿಗೆಂದು ರಂಗಂಪೇಟೆಯ ಅವರ ತಗಡಿನ ಶೆಡ್ಡಿಗೆ ಹೋದರೆ ಮೊದಲು ಬೈಗುಳ, ಆಮೇಲೆ ಕೆಲಸ. ರೇಡಿಯೇಟರಿನ ನೀರನ್ನು ಅಂಗೈಗೆ ಹಾಕಿಕೊಂಡು ನಾಲಿಗೆಗೆ ಹಚ್ಚುವರು, ಥೂ ಎಂದು ಉಗುಳುವರು.

"ಮತ್ತ ಕಾಲುವಿ ನೀರ ಹಾಕೀಯೇನಲೇ? ಹೊಲಕ್ಕ ಬಂತಂತ ಗಾಡಿಗೂ ಕುಡಿಸ್ತೀಯಾ?"

ಕಾಲುವೆ ಬಂದ ಮೇಲೆ ನಾವು ಬಾಡಿಗೆ ಕಾರಿನವರೆಲ್ಲ ಕೊಡ ಮುಳುಗಿಸಿ ಅದೇ ನೀರು ಸುರಿಯುತ್ತಿದ್ದೆವು. ನನ್ನ ರೇಡಿಯೇಟರಿನ ನಳಿಗೆಗಳಲ್ಲಿ ರಾಡಿ ಕೂತು, ಹುಣಸಗಿ ಮುಟ್ಟುವಷ್ಟರಲ್ಲಿ ಕಾರು ಕುದಿಯತೊಡಗಿತು. ಬದಲಿಸಲೇಬೇಕಾಯಿತು. ಪ್ಲಾಸ್ಟಿಕ್ ತಲೆಯ, ಮಿರಿಮಿರಿ ಮಿಂಚುವ ಹೊಸದೊಂದನ್ನು ತಂದು ತೋರಿಸಿದೆ. ಮಿಸ್ತ್ರಿ ಒಂದೇ ಕೈಯಲ್ಲಿ ಎತ್ತಿ ನೋಡಿದರು.

"ಇದ್ರಾಗ ನಳಿಗಿ ಒಂದ ಸಾಲು ಅದ, ನಮ್ಮ ಬಿಸಲಿಗಿ ತಡಿಯಂಗಿಲ್ಲ. ನಿನ್ನ ಗಾಡಿಗಿ ಮೂರು ಸಾಲಿಂದ ಬೇಕು. ತಾಮ್ರದ್ದು ಹುಡುಕಿ ಬೆಸಿಗಿ ಹಾಕಿ ಕೊಡ್ತೀನಿ, ಎಂಟು ದಿನ ತಡಿ. ಹೆಣ್ಣು ನೋಡಾಕ ಹೋದಾಗೂ ಬರೀ ಬಣ್ಣ ನೋಡಿದ್ದೇನೋ, ಮಂಗ್ಯಾ?"

ಅಲ್ಲಿದ್ದ ಡ್ರೈವರುಗಳೆಲ್ಲ ಕಿಸಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿಯಿತು. "ನಿಮ್ಮ ಗುಜರಿ ನೀವ ಇಟ್ಕೋರಿ" ಎಂದವನೇ ಶಹಾಪುರಕ್ಕೆ ಹೋಗಿ ಹೊಸದನ್ನೇ ಕೂಡಿಸಿದೆ. ಮತ್ತೆ ಆ ಶೆಡ್ಡಿನ ಕಡೆ ಮುಖ ಹಾಕಲಿಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ ಅವರ ಹೆಂಡತಿ ಸ್ಟ್ಯಾಂಡಿಗೆ ಓಡಿ ಬಂದರು. ಮಿಸ್ತ್ರಿಗೆ ಎದೆನೋವು. ನಿಂತಿದ್ದುದು ನನ್ನ ಕಾರೊಂದೇ. ಸುರಪುರದ ಡಾಕ್ಟರು ಕೂಡಲೇ ಕಲಬುರಗಿಗೆ ಒಯ್ಯಿರಿ ಎಂದರು. ಆಕೆಯ ತೊಡೆಯ ಮೇಲೆ ಅವರ ತಲೆ. ನಾನು ಜೀವದ ಹಂಗು ತೊರೆದು ಓಡಿಸಿದೆ. ಶಹಾಪುರ ಇನ್ನೂ ದೂರವಿತ್ತು, ಬಾನೆಟ್ಟಿನಿಂದ ಹಬೆ ಎದ್ದಿತು. ರೇಡಿಯೇಟರಿನ ಪ್ಲಾಸ್ಟಿಕ್ ತಲೆ ಸೀಳಿಹೋಗಿತ್ತು. ಪಕ್ಕದಲ್ಲೇ ಕಾಲುವೆ ತುಂಬಿ ಹರಿಯುತ್ತಿತ್ತು. ಹುಚ್ಚನಂತೆ ನೀರು ತಂದು ಸುರಿದೆ, ಸುರಿದಷ್ಟೂ ರಸ್ತೆಗೆ ಹೋಯಿತು.

ಹಿಂದಿನ ಸೀಟಿನಿಂದ ಮಿಸ್ತ್ರಿ ಕೇಳಿದರು. "ಒಂದ ಸಾಲಿಂದ ಹಾಕ್ಸೀಯೇನು?"

"ಹೌದ್ರಿ."

"ಮಂಗ್ಯಾ," ಎಂದರು. ಇನ್ನೊಂದು ಗಾಡಿ ಸಿಗುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಮಣ್ಣಾದ ಮೇಲೆ ಅವರ ಹೆಂಡತಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಶೆಡ್ಡಿನ ಮೂಲೆಯಲ್ಲಿ ಗೋಣಿಚೀಲ ಸುತ್ತಿಟ್ಟಿದ್ದ ಭಾರವೊಂದನ್ನು ತೋರಿಸಿದರು.

"ನಿಮ್ಮ ಗಾಡಿದಂತ್ರಿ, ಒಯ್ರಿ. ಸಿಟ್ಟಿಳದ ಮ್ಯಾಲ ಅಂವ ಬಂದ ಬರ್ತಾನ ಅಂತಿದ್ರು."

ಬಿಚ್ಚಿದೆ. ತಾಮ್ರದ್ದು, ಮೂರು ಸಾಲಿನದು. ಈಗ ನನ್ನ ಕಾರಿನಲ್ಲಿರುವುದು ಅದೇ. ಇಷ್ಟು ವರ್ಷವಾಯಿತು, ಎಂಥ ಬಿಸಿಲಿಗೂ ಒಮ್ಮೆಯೂ ಕುದಿದಿಲ್ಲ.