ಆರ್ಥರ್‌ನ ಸೀಟು

ಆಸ್ಟ್ರೇಲಿಯಾದ ಕೆಲ್ಲಿವಿಲ್‌ನಲ್ಲಿ ಎರಡು ಗಾಡಿಯಿಲ್ಲದ ಮನೆ ಹುಡುಕಿದರೂ ಸಿಗುವುದಿಲ್ಲ. ಗುರುಬಸವನ ಮನೆಯಲ್ಲಿ ಮೂರಿದ್ದವು. ಆಫೀಸಿಗೆ ಹೋಗುವುದೊಂದು, ಹೆಂಡತಿ ನೇತ್ರಾಳದೊಂದು, ಮತ್ತೆ ಎಲ್ಲಿಗೂ ಹೋಗಬೇಕಾಗಿಯೇ ಇಲ್ಲದ್ದೊಂದು. ೧೯೮೯ರ ಜರ್ಮನ್ ಸೆಡಾನ್. ಹೊಗೆಬೂದು ಬಣ್ಣ, ಒಳಗೆ ಮರದ ಪಟ್ಟಿ, ಜೇನುಬಣ್ಣದ ಚರ್ಮದ ಸೀಟುಗಳು. ಗೆಳೆಯರೆಲ್ಲ ಹೊಸ ಎಲೆಕ್ಟ್ರಿಕ್ ಗಾಡಿ ತಂದು ಫೋಟೊ ಹಾಕುತ್ತಿದ್ದರೆ ಈ ಪುಣ್ಯಾತ್ಮ ಹತ್ತಿಬಟ್ಟೆ ಹಿಡಿದು ಗ್ಯಾರೇಜ್ ಸೇರುತ್ತಿದ್ದ. ಬಾಗಿಲು ಮುಚ್ಚುವಾಗಿನ ಆ ತುಂಬಿದ ‘ಧಪ್’ ಸದ್ದು ಕೇಳಲೆಂದೇ ಎರಡೆರಡು ಸಲ ಮುಚ್ಚುತ್ತಿದ್ದ.

ಗಾಡಿಯ ಹುಚ್ಚು ಅಪ್ಪನಿಂದ ಬಂದದ್ದು. ಅಪ್ಪ ಸಿದ್ದಣ್ಣ ಹುಬ್ಬಳ್ಳಿಯಲ್ಲಿ ಬಸ್ ಡ್ರೈವರ್. ಸ್ಟೀರಿಂಗಿಗೆ ಎದೆ ತಾಗುವಷ್ಟು ಮುಂದೆ ಸರಿದು, ಬೆನ್ನನ್ನು ಗೋಡೆಯಂತೆ ನೆಟ್ಟಗೆ ಇಟ್ಟು ಓಡಿಸುತ್ತಿದ್ದ ಮನುಷ್ಯ. ಕೋವಿಡ್ ಕಾಲದಲ್ಲಿ ಆಸ್ಟ್ರೇಲಿಯಾದ ಗಡಿ ಮುಚ್ಚಿದ್ದಾಗ ತೀರಿಕೊಂಡ. ಗುರುಬಸವ ಅಪ್ಪನ ಮುಖವನ್ನು ಕೊನೆಯ ಸಲ ನೋಡಿದ್ದು ಫೋನಿನಲ್ಲಿ. ಆ ಸಂಕಟ ಅವನನ್ನು ಇನ್ನೂ ತಿನ್ನುತ್ತಿತ್ತು.

ಸೆಡಾನನ್ನು ಅವನು ಕೊಂಡದ್ದು ಮೆಲ್ಬರ್ನ್‌ನ ಕ್ಯಾಂಬರ್‌ವೆಲ್‌ನಲ್ಲಿ, ಡೊರೊತಿ ಎಂಬ ಮುದುಕಿಯಿಂದ. ಜಗುಲಿಯ ಮೇಲೆ ಗಂಡಸಿನ ಕೋಟುಗಳು, ಬೂಟುಗಳು ದಾನಕ್ಕೆಂದು ಡಬ್ಬಗಳಲ್ಲಿ ತುಂಬಿ ಕೂತಿದ್ದವು. ಡೊರೊತಿ ಬಾನೆಟ್ ಸವರಿ, “ಇದು ಆರ್ಥರ್‌ನ ಜೀವವಾಗಿತ್ತು” ಎಂದು ಕಣ್ಣೊರೆಸಿಕೊಂಡಳು. ಗಂಡನನ್ನು ಕಳೆದುಕೊಂಡವಳನ್ನು ಅವರು ಹೇಗೆ ಹೋದರು, ಯಾವಾಗ ಹೋದರು ಎಂದು ಕೆದಕಿ ಕೇಳುವುದು ನಮ್ಮವರಲ್ಲಿ ಸಭ್ಯತೆಯಲ್ಲ. ಗುರುಬಸವ ಕೇಳಲಿಲ್ಲ. ಕೈಮುಗಿದು ಗಾಡಿ ತಂದ.

ಆ ಗಾಡಿಯ ಡ್ರೈವರ್ ಸೀಟಿಗೆ ಎರಡು ಬಟನ್ ಇದ್ದವು. ಒಂದನೆಯದನ್ನು ಒತ್ತಿದರೆ ಸೀಟು ಒಬ್ಬರ ಅಳತೆಗೆ, ಎರಡನೆಯದನ್ನು ಒತ್ತಿದರೆ ಇನ್ನೊಬ್ಬರ ಅಳತೆಗೆ ತಾನೇ ಸರಿದು ನಿಲ್ಲುತ್ತಿತ್ತು. ಒಂದನೆಯದರಲ್ಲಿ ಗುರುಬಸವ ತನ್ನ ಅಳತೆ ಕೂರಿಸಿದ. ಎರಡನೆಯದರಲ್ಲಿ ಆರ್ಥರ್‌ನದಿತ್ತು. ಆರಡಿ ಮೀರಿದ ಆಳಿನ ಅಳತೆ, ಪೂರ್ತಿ ಹಿಂದೆ. ಅಳಿಸಲು ಮನಸ್ಸಾಗದೆ ಹಾಗೇ ಬಿಟ್ಟ.

ಮೂರನೆಯ ವಾರದಿಂದ ಶುರುವಾಯಿತು. ಬೆಳಿಗ್ಗೆ ಗ್ಯಾರೇಜ್ ತೆರೆದರೆ ಸೀಟು ಹಿಂದಕ್ಕೆ ಸರಿದಿರುತ್ತಿತ್ತು. ಮುಂದೆ ತಂದಿಟ್ಟರೆ ಮರುದಿನ ಮತ್ತೆ ಹಿಂದೆ.

“ರೀ, ಎಲ್ಲೋ ವೈರ್ ಶಾರ್ಟ್ ಆಗಿರುತ್ತೆ. ಎಲೆಕ್ಟ್ರಿಷಿಯನ್ ಬುಕ್ ಮಾಡ್ಲಾ?” ಎಂದಳು ಬೆಂಗಳೂರಿನ ನೇತ್ರಾ.

ಗುರುಬಸವ ಬ್ಯಾಟರಿಯನ್ನೇ ಕಳಚಿ ಹೊರಗಿಟ್ಟ. ಮರುದಿನ ಬೆಳಿಗ್ಗೆ ಸೀಟು ಹಿಂದೆಯೇ ಇತ್ತು. ಮುಟ್ಟಿ ನೋಡಿದ. ಚರ್ಮ ಬೆಚ್ಚಗಿತ್ತು, ಯಾರೋ ಈಗಷ್ಟೇ ಎದ್ದು ಹೋದ ಹಾಗೆ. ಅವತ್ತು ಅವನು ಬಾಗಿಲನ್ನು ಒಂದೇ ಸಲ ಮುಚ್ಚಿದ.

ವಿಸಿಟರ್ ವೀಸಾದ ಮೇಲೆ ಬಂದಿದ್ದ ಅವ್ವ ಶಿವಲಿಂಗವ್ವ ಪ್ರತಿ ಅಮಾವಾಸ್ಯೆಗೂ ಮೂರು ಗಾಡಿಗಳಿಗೂ ಕಾಯಿ ಒಡೆದು, ನಿಂಬೆಹಣ್ಣು ಇಟ್ಟು ಪೂಜೆ ಮಾಡುತ್ತಿದ್ದಳು. ವಿಷಯ ಕೇಳಿ ಅವಳೇನೂ ಹೆದರಲಿಲ್ಲ.

“ಯಪ್ಪಾ, ಅಂವ ಇನ್ನಾ ಗಾಡಿ ಬಿಟ್ಟು ಇಳದಿಲ್ಲ. ಉಣ್ಣದ ಹ್ಯಾಂಗ ಹೋಗ್ತಾನ? ಐತಾರ ಹಿರ್ಯಾರ ಅಮಾಸಿ ಐತಿ. ನಿಮ್ಮಪ್ಪನ ಎಡಿ ಮಗ್ಗಲಾಗ ಅಂವಂದೂ ಒಂದ್ ಎಡಿ ಇಡೂಣು. ಇಬ್ರೂ ಡ್ರೈವರ್ರ ಅಲ್ಲೇನು?”

ಆ ಭಾನುವಾರ ಮಧ್ಯಾಹ್ನ ಎರಡು ತಟ್ಟೆಗಳಲ್ಲಿ ಹೋಳಿಗೆ, ತುಪ್ಪ, ಕಟ್ಟಿನ ಸಾರು, ಅನ್ನ. ಒಂದರ ಮುಂದೆ ಸಿದ್ದಣ್ಣನ ಫೋಟೊ. ಇನ್ನೊಂದರ ಮುಂದೆ, ಗಾಡಿಯ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಸಿಕ್ಕಿದ್ದ ಆರ್ಥರ್‌ನ ಕಂದು ಕೈಗವಸು. ಊದುಬತ್ತಿ ಹಚ್ಚಿ, ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂತರು. ಹಿರಿಯರು ಉಣ್ಣುವಾಗ ನೋಡಬಾರದು.

ಮರುದಿನದಿಂದ ಸೀಟು ಕದಲಲಿಲ್ಲ. ಗುರುಬಸವನಿಗೆ ತಲೆಯ ಮೇಲಿನ ಭಾರ ಇಳಿದ ಹಾಗಾಯಿತು.

ಗುರುವಾರ ಡೊರೊತಿ ಫೋನ್ ಮಾಡಿದಳು. ಗಾಡಿಯ ಹಳೆಯ ಸರ್ವಿಸ್ ಪುಸ್ತಕ ಸಿಕ್ಕಿದೆ, ಅಂಚೆಗೆ ಹಾಕುತ್ತೇನೆ ಎಂದಳು. “ಆರ್ಥರ್‌ಗೂ ಹೇಳಿದೆ. ಆದರೆ ಅವನಿಗೆ ಯಾವುದೂ ಕೇಳಿಸುತ್ತಿಲ್ಲ.”

ಗುರುಬಸವ ಮಾತನ್ನು ತಡೆದು ಕೇಳಿದ. “ಆರ್ಥರ್ ಎಲ್ಲಿದ್ದಾರೆ?”

“ನರ್ಸಿಂಗ್ ಹೋಮಿನಲ್ಲಿ. ಮರೆವಿನ ಕಾಯಿಲೆ. ಇಷ್ಟು ದಿನ ದಿನಾ ಬೆಳಿಗ್ಗೆ ಕುರ್ಚಿ ಹಿಂದೆ ಎಳೆದು, ಸ್ಟೀರಿಂಗ್ ಹಿಡಿದ ಹಾಗೆ ಕೂತು, ಡ್ರೈವ್ ಹೋಗಿ ಬರ್ತೀನಿ ಅನ್ನುತ್ತಿದ್ದ. ಭಾನುವಾರ ಮಧ್ಯಾಹ್ನ ಮಲಗಿದವನು ಎದ್ದಿಲ್ಲ. ಮಾತಿಲ್ಲ. ಊಟ ತುಟಿಗೆ ತಾಗಿಸಿದರೆ ಮುಖ ತಿರುಗಿಸುತ್ತಾನೆ.”

ವಿಷಯ ತಿಳಿದು ಶಿವಲಿಂಗವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು. “ಶಿವಶಿವಾ! ಜೀವಂತ ಮನಷ್ಯಾಗ ಎಡಿ ಇಟ್ವಲ್ಲೋ! ಗಾಡಿ ತಗೊಂಡ್ ಹೋಗು. ಅಂವನ ಜಾಗಾ ಅಂವಗ ಕೊಟ್ಟ್ ಬಾ.”

ಮೆಲ್ಬರ್ನ್ ಒಂಬತ್ತು ನೂರು ಕಿಲೋಮೀಟರ್. ಶನಿವಾರ ಬೆಳಕು ಹರಿಯುವಾಗ ಗುರುಬಸವ ಹೊರಟ. ದಾರಿಯುದ್ದಕ್ಕೂ ಅವನಿಗಿದ್ದದ್ದು ಒಂದೇ ಭಯ, ತಾನು ತಲುಪುವ ಮೊದಲೇ ಆ ಮನುಷ್ಯ ಹೋಗಿಬಿಟ್ಟರೆ. ಕೊಂದವನು ತಾನೇ ಆಗುತ್ತಿದ್ದ. ಪೊಲೀಸರು ಹಿಡಿಯುವುದಿಲ್ಲ, ಯಾರಿಗೂ ಗೊತ್ತಾಗುವುದೂ ಇಲ್ಲ; ಆದರೆ ಇನ್ನೊಂದು ಸಾವು ಹೊತ್ತು ಬದುಕುವ ಶಕ್ತಿ ಅವನಲ್ಲಿರಲಿಲ್ಲ.

ಭಾನುವಾರ ಬೆಳಿಗ್ಗೆ ನರ್ಸ್ ಮತ್ತು ಡೊರೊತಿ ಆರ್ಥರ್‌ನನ್ನು ಗಾಲಿಕುರ್ಚಿಯಲ್ಲಿ ಅಂಗಳಕ್ಕೆ ತಂದರು. ಉದ್ದನೆಯ ಆಳು, ಮೂಳೆ ಚಕ್ಕಳ, ಮುಚ್ಚಿದ ಕಣ್ಣು. ಮೂವರೂ ಸೇರಿ ಮೆಲ್ಲನೆ ಡ್ರೈವರ್ ಸೀಟಿಗೆ ಕೂರಿಸಿದರು. ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುತ್ತಿತ್ತು. ಗುರುಬಸವ ಕೈಗವಸನ್ನು ಅವನ ತೊಡೆಯ ಮೇಲಿಟ್ಟ.

ಕೀಲಿ ಗುರುಬಸವನ ಜೇಬಿನಲ್ಲಿತ್ತು. ಯಾರೂ ಬಟನ್ ಮುಟ್ಟಲಿಲ್ಲ. ಸೀಟು ಗುಂಯ್ ಎನ್ನುತ್ತ ನಿಧಾನವಾಗಿ ಹಿಂದೆ ಸರಿದು ನಿಂತಿತು.

ಆರ್ಥರ್ ಕಣ್ಣು ಬಿಟ್ಟ. ಕೈಗವಸು ತೊಟ್ಟುಕೊಂಡು, ಸ್ಟೀರಿಂಗ್ ಹಿಡಿದು, ಗುರುಬಸವನನ್ನು ದಿಟ್ಟಿಸಿದ.

“ಆ ಸಿಹಿ ರೊಟ್ಟಿ, ತುಪ್ಪ ಹಾಕಿದ್ದು. ಅವನು ನನಗೆ ತಿನ್ನಲು ಬಿಡಲೇ ಇಲ್ಲ.”

“ಯಾರು?” ಗುರುಬಸವ ಬಾಗಿ ಕೇಳಿದ.

“ಪಕ್ಕದಲ್ಲಿ ಕೂತಿದ್ದವನು. ಖಾಕಿ ಅಂಗಿ. ನನ್ನ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ. ‘ನೀನು ಬದುಕಿದ್ದೀ ಅಂತ ನನ್ನ ಮಗನಿಗೆ ಗೊತ್ತಾಗಿಲ್ಲ, ಗಾಡಿ ತರುತ್ತಾನೆ, ಅಲ್ಲಿಯವರೆಗೆ ಏನೂ ತಿನ್ನಬೇಡ’ ಅಂದ.” ಆರ್ಥರ್ ಡೊರೊತಿಯ ಕಡೆ ತಿರುಗಿದ. “ಹಸಿವಾಗುತ್ತಿದೆ.”

ಡೊರೊತಿ ಗಂಡನ ಹೆಗಲಿಗೆ ಮುಖ ಒತ್ತಿ ಗಟ್ಟಿಯಾಗಿ ಅತ್ತಳು. ಗುರುಬಸವ ಕೀಲಿ ಚಾಚಿದರೆ ಅವಳು ತೆಗೆದುಕೊಳ್ಳಲಿಲ್ಲ. “ನಮ್ಮಿಂದ ನೋಡಿಕೊಳ್ಳಲಾಗುವುದಿಲ್ಲ. ಆಗಾಗ ತಂದು ಕೂರಿಸು, ಸಾಕು.” ನರ್ಸ್ ಆರ್ಥರ್‌ನನ್ನು ತಿಂಡಿಗೆ ಒಳಗೆ ಕರೆದೊಯ್ದಳು.

ಅಂಗಳದಲ್ಲಿ ಗುರುಬಸವ ಒಬ್ಬನೇ ಉಳಿದ. ಹತ್ತಬೇಕೆಂದು ಬಾಗಿಲಿಗೆ ಕೈ ಹಾಕಿದಾಗ ಸೀಟು ಮತ್ತೆ ಕದಲಿತು. ಮುಂದಕ್ಕೆ ಬಂತು. ಅವನ ಅಳತೆಯನ್ನು ದಾಟಿ ಇನ್ನೂ ಮುಂದೆ, ಸ್ಟೀರಿಂಗಿಗೆ ಎದೆ ತಾಗುವಷ್ಟು. ಬೆನ್ನಿನ ಭಾಗ ಎದ್ದು ಗೋಡೆಯಂತೆ ನೆಟ್ಟಗಾಯಿತು. ಅದು ಒಂದನೇ ಬಟನ್ನಿನದೂ ಅಲ್ಲ, ಎರಡನೆಯದೂ ಅಲ್ಲ.

ಗುರುಬಸವ ಕೈ ಹಿಂತೆಗೆದ. ಗಾಡಿಯನ್ನು ಸುತ್ತಿ ಬಂದು ಎಡಗಡೆಯ ಸೀಟಿನಲ್ಲಿ ಕೂತು, ಬಾಗಿಲು ಮುಚ್ಚಿಕೊಂಡ.

“ಅಪ್ಪಾ,” ಎಂದ, ಪಕ್ಕಕ್ಕೆ ನೋಡದೆ. “ಆವಾಗ ಬರಾಕ ಆಗಲಿಲ್ಲ.”

ಚರ್ಮದ ಸೀಟು ಕಿರ್ ಎಂದಿತು. ಇಬ್ಬರೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದರು.