ತಾತನ ಕೋಟಿನ ಮೇಲಿನ ಕಲೆ

ಮನು, ಸಿಂಚನಾ, ಮೊನ್ನೆ ನೀವು ಒರೆಸಲೆಂದು ತಾತನ ಫೋಟೋ ಇಳಿಸಿದಾಗ ಹಿಂದಿನ ರಟ್ಟು ಕಳಚಿ ಹಳೆಯ ಅಂಟಿನ ವಾಸನೆ ಬಂತು. ತುಮಕೂರಿನ ಶಿರಾ ಗೇಟ್ ಹತ್ತಿರ ಇದ್ದ ಆ ಪುಟ್ಟ ಸ್ಟುಡಿಯೋದಲ್ಲೂ ಇದೇ ವಾಸನೆ. "ಅಜ್ಜಿ, ತಾತನ ಕೋಟಿನ ಮೇಲೆ ಕಲೆ ಇದೆ, ಉಜ್ಜಿದ್ರೂ ಹೋಗ್ತಿಲ್ಲ" ಅಂದಿರಿ. ನಾನು ಎದ್ದು ಅಡುಗೆಮನೆಗೆ ಹೋದೆ. ಬಾಯಲ್ಲಿ ಹೇಳುವುದು ನನ್ನಿಂದ ಎಂದೂ ಆಗಿಲ್ಲ... ಅದಕ್ಕೇ ಬರೆಯುತ್ತಿದ್ದೇನೆ.

ತಾತ ಕೂತು, ನಾನು ಅವರ ಭುಜದ ಮೇಲೆ ಕೈಯಿಟ್ಟು ನಿಂತ ಫೋಟೋ ಒಂದೇ ಒಂದಿತ್ತು. ಮದುವೆಯಾದ ಹೊಸದರಲ್ಲಿ ಗುಬ್ಬಿಯಲ್ಲಿ ತೆಗೆಸಿದ್ದು. ತಾತ ತೀರಿಕೊಂಡಾಗ ಹಾರ ಹಾಕಲು ಬೇರೆ ಫೋಟೋ ಇರಲಿಲ್ಲ. ಬದುಕಿರುವವರ ಮುಖಕ್ಕೆ ಹಾರ ಬೀಳಬಾರದಲ್ಲ, ಆ ಫೋಟೋದಿಂದ ನನ್ನನ್ನು ತೆಗೆಸಬೇಕಾಯಿತು. ನನ್ನ ಓರಗಿತ್ತಿ, ನಿಮ್ಮ ದೊಡ್ಡಜ್ಜಿ, ಕುಣಿಗಲ್‌ನಿಂದ ನನ್ನನ್ನು ಆ ಸ್ಟುಡಿಯೋಗೆ ಕರೆದುಕೊಂಡು ಹೋದರು.

ಸ್ಟುಡಿಯೋದವರು ಕಂಪ್ಯೂಟರಿನಲ್ಲೇ ತಾತನ ಹಣೆಗೆ ವಿಭೂತಿ ಎಳೆದರು. ನನ್ನ ಮುಖ, ಹೆಗಲು, ಹಸಿರು ಸೀರೆ ಒಂದೊಂದಾಗಿ ಹೋದವು. ಕೈ ಮಾತ್ರ ಸುಲಭಕ್ಕೆ ಹೋಗಲಿಲ್ಲ. ಅಲ್ಲಿಗೆ ಕೋಟಿನದೇ ಬಟ್ಟೆ ತಂದು ಮುಚ್ಚಿದರು, ಬಣ್ಣ ಸರಿಯಾಗಿ ಕೂಡಲಿಲ್ಲ. ಓರಗಿತ್ತಿ ಹೊರಗೆ ಹೋದಾಗ ಸ್ಟುಡಿಯೋದವರು ಮೆಲ್ಲಗೆ, "ನಿಮ್ಮನ್ನ ಅಳ್ಸಿಲ್ಲ ಕಣಕ್ಕ. ಹಳೇದು ಹಂಗೇ ಇದ್ರೊಳಗೆ ಇಟ್ಟಿದೀನಿ. ಬೇಕು ಅಂದಾಗ ಬನ್ನಿ" ಎಂದರು.

ತಿಥಿ ಮುಗಿದ ಮೇಲೆ ಓರಗಿತ್ತಿ ಅಸಲು ಫೋಟೋವನ್ನು ಮಾರ್ಕೋನಹಳ್ಳಿ ಜಲಾಶಯದ ನೀರಿಗೆ ಬಿಟ್ಟರು. ಕುಂಕುಮ ಇಟ್ಟ ನನ್ನ ಮುಖ ಇನ್ನು ಮನೆಯಲ್ಲಿರುವುದು ಒಳ್ಳೆಯದಲ್ಲವಂತೆ. ನಾನು ಅಳಲಿಲ್ಲ. ಆ ಕಂಪ್ಯೂಟರಿನಲ್ಲಿ ನಾವಿಬ್ಬರೂ ಇದ್ದೇವಲ್ಲ ಎಂದುಕೊಂಡೆ.

ಕೆಲವು ವರ್ಷಗಳ ಮೇಲೆ ಹಾರದ ಫೋಟೋದ ಇನ್ನೊಂದು ಪ್ರತಿ ಬೇಕೆಂದು ಇಬ್ಬರೂ ಮತ್ತೆ ಹೋದೆವು. ಕಂಪ್ಯೂಟರಿಗೆ ಮುಪ್ಪು ಬಂದಿತ್ತು. ಒಂದು ಫೋಟೋ ತೆರೆಯುವಷ್ಟರಲ್ಲಿ ಒಂದು ಲೋಟ ಕಾಫಿ ಮುಗಿಯುತ್ತಿತ್ತು. ಫೋಟೋ ತಿದ್ದುವ ಹೊಸ ಸಾಫ್ಟ್‌ವೇರ್ ಹಾಕಿಸಲೋ ಬೇಡವೋ ಎಂದು ಸ್ಟುಡಿಯೋದವರು ತಿಂಗಳುಗಟ್ಟಲೆ ಒದ್ದಾಡುತ್ತಿದ್ದರು.

"ಹೊಸದು ಹಾಕ್ಸಿದ್ರೆ ಹಳೇದೆಲ್ಲಾ ಖಾಲಿ ಮಾಡ್ಬೇಕಂತೆ ಅಕ್ಕ. ಇದ್ರ ಹೊಟ್ಟೇಲಿ ಜಾಗ ಇಲ್ಲ. ಹಾಕಿಸ್ದೆ ಇದ್ರೆ ಗಿರಾಕಿಗಳು ಎದುರುಗಡೆ ಅಂಗಡಿಗೆ ಹೋಯ್ತಾರೆ. ಬೇಕು ಅಂದೋರ್ದು ಸಿ.ಡಿ.ಗೆ ಹಾಕ್ಕೊಡ್ತಿದೀನಿ. ನಿಮ್ದು ಹಳೇದು... ಬೇಕಾ?"

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಓರಗಿತ್ತಿ ನಕ್ಕರು. "ಯಾವ್ದು, ಇವ್ಳು ಕುಂಕುಮ ಇಟ್ಕೊಂಡು ನಿಂತಿರೋದಾ? ಇನ್ಯಾರಿಗೆ ತೋರ್ಸಕ್ಕೆ ಕಣೇ? ಬುಡಪ್ಪ, ಖಾಲಿ ಮಾಡು ಅತ್ಲಾಗೆ."

ಅವರು ಓರಗಿತ್ತಿಯ ಕಡೆ ತಿರುಗಲಿಲ್ಲ. "ನೀವ್ ಹೇಳಿ ಅಕ್ಕ" ಎಂದರು.

ಗಂಡ ಹೋದವಳು ಕುಂಕುಮದ ಮುಖ ಬೇಕೆಂದು ಪರಗಂಡಸಿನ ಮುಂದೆ ಕೇಳುವುದು ಹೇಗೆ? "ನಿಮ್ಗೆ ಅನುಕೂಲ ಆದಂಗೆ ಮಾಡ್ಕಳಿ" ಎಂದುಬಿಟ್ಟೆ.

ಎಂಟು ದಿನದ ಮೇಲೆ, ಗುಬ್ಬಿಗೆ ತವರಿಗೆ ಹೋಗುತ್ತೇನೆಂದು ಸುಳ್ಳು ಹೇಳಿ ಒಬ್ಬಳೇ ಬಸ್ ಹತ್ತಿದೆ. ಸ್ಟುಡಿಯೋವರೆಗೂ ಒಂದೇ ಮಾತು ಬಾಯಿಪಾಠ ಮಾಡಿಕೊಂಡೆ: ನನಗೆ ಅದು ಬೇಕು. ಆದರೆ ಹಿಂದಿನ ದಿನವೇ ಕಂಪ್ಯೂಟರ್ ಖಾಲಿ ಮಾಡಿಸಿದ್ದರು.

ಅವರ ಮುಖ ಸಣ್ಣದಾಯಿತು. "ವಾರ ಕಾದೆ ಅಕ್ಕ, ಬತ್ತೀರೇನೋ ಅಂತ." ಆಮೇಲೆ ಸಮಾಧಾನಕ್ಕೆ, "ಹೊಸದ್ರಲ್ಲಿ ಏನ್ ಬೇಕಾದ್ರೂ ಆಯ್ತದೆ. ಈಗ ನಿಮ್ಮ ಫೋಟೋ ತೆಗ್ದು, ವಯಸ್ಸು ಇಳ್ಸಿ, ಯಜಮಾನ್ರ ಪಕ್ಕ ನಿಲ್ಲಿಸ್ಕೊಡ್ಲಾ? ಕುಂಕುಮಾನೂ ಇಡ್ತೀನಿ" ಎಂದರು.

ಮೈ ಉರಿದುಹೋಯಿತು. ಇಡುವುದೂ ಬೇರೆಯವರೇ, ಅಳಿಸುವುದೂ ಬೇರೆಯವರೇ... ಎದ್ದು ಬಂದುಬಿಟ್ಟೆ. ಮತ್ತೆ ಆ ಕಡೆ ಹೋಗಲಿಲ್ಲ.

ಬಹಳ ವರ್ಷ ಅವರನ್ನೇ ಬೈದುಕೊಂಡೆ. ಈಗ ಅವರೂ ಇಲ್ಲ. ಸ್ಟುಡಿಯೋ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ. ನಿನಗೆ ಬೇಕೇ ಎಂದು ನನ್ನನ್ನೇ ಕೇಳಿದ್ದು ಆ ದಿನಗಳಲ್ಲಿ ಅವರೊಬ್ಬರೇ. ಆ ಒಂದು ಸಲಕ್ಕೂ ನಾನು ಉತ್ತರ ಕೊಡಲಿಲ್ಲ. ಓರಗಿತ್ತಿಯನ್ನು ಇನ್ನೂ ಕ್ಷಮಿಸಿಲ್ಲ, ನನ್ನನ್ನೂ ಕ್ಷಮಿಸಿಕೊಂಡಿಲ್ಲ.

ಅದು ಕಲೆಯಲ್ಲ ಮಕ್ಕಳೇ, ನನ್ನ ಕೈ ಇದ್ದ ಜಾಗ. ಉಜ್ಜಿದರೆ ಹೋಗುವುದಿಲ್ಲ. ಈ ಹಾಳೆಗಳನ್ನು ಮಡಚಿ ತಾತನ ಫೋಟೋದ ಹಿಂದೆ ಇಟ್ಟು, ರಟ್ಟನ್ನು ಮತ್ತೆ ಬಿಗಿಯಾಗಿ ಅಂಟಿಸಿ. ಯಾರು ಏನೇ ಹೇಳಲಿ, ತೆಗೆಯಬೇಡಿ. ಅಲ್ಲಿ ನಿಂತಿದ್ದವಳು ನಾನು.